ಸಂಪಾದಕರ ಉತ್ತರ: ಐದು ಸೆಂಟು, ಒಂದು ಮಳೆ

ಹಾಸನದಿಂದ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು:

“ಕಳೆದ ಸಂಚಿಕೆಯಲ್ಲಿ ಅಮೆರಿಕದ ಹಳೇ ಕಾದಂಬರಿ ‘ಮೆಕ್‌ಟೀಗ್’ ಬಗ್ಗೆ ಬಂದ ಲೇಖನ ಓದಿದೆ. ಆಮೇಲೆ ಮಗಳ ಕೈಲಿ ತರಿಸಿಕೊಂಡು ಪುಸ್ತಕವನ್ನೂ ಓದಿದೆ. ಒಬ್ಬ ದಡ್ಡ ಹಲ್ಲಿನ ಡಾಕ್ಟರು ಕುಡಿಯುತ್ತಾನೆ, ಹೆಂಡತಿಗೆ ಹೊಡೆಯುತ್ತಾನೆ, ಅವಳನ್ನು ಕೊಂದು ಓಡಿಹೋಗುತ್ತಾನೆ. ಯಾಕೆ ಅಂದರೆ ಅವನ ರಕ್ತದಲ್ಲೇ ಕೆಡುಕಿತ್ತು ಅಂತ ಬರೆದವರೇ ಹೇಳಿಬಿಟ್ಟಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಮ್ಮಜ್ಜಿ ಮೂರು ಮಾತಲ್ಲಿ ಹೇಳ್ತಿದ್ದರು. ಅದಕ್ಕೆ ಈ ಮನುಷ್ಯನಿಗೆ ನಾನೂರು ಪುಟ ಬೇಕಾಯಿತೇ? ಹುಟ್ಟುಗುಣವೇ ಎಲ್ಲ ಮಾಡಿಸುವುದಾದರೆ ಅವನ ತಪ್ಪೇನು? ತಪ್ಪೇ ಇಲ್ಲದವನ ಕತೆ ಓದಿ ನಾನೇನು ಮಾಡಲಿ? ಇನ್ನೊಂದು ಮಾತು. ನಿಮ್ಮ ಲೇಖನದಲ್ಲಿ ಕೊನೆಗೆ ಅವನು ಸಾಕಿದ ಕೆನರಿ ಹಕ್ಕಿ ಸಾಯುತ್ತದೆ ಅಂತಿದೆ. ನನ್ನ ಪುಸ್ತಕದಲ್ಲಿ ಹಾಗಿಲ್ಲ. ಯಾರು ಸರಿ?”

ಹಕ್ಕಿಯ ವಿಷಯ ಕೊನೆಗಿಟ್ಟುಕೊಳ್ಳುತ್ತೇನೆ. ಅಲ್ಲಿ ನಾನು ಸೋಲಲೇಬೇಕು. ಸೋಲುವ ಮೊದಲು ಸ್ವಲ್ಪ ಜಗಳ ಆಡಿಬಿಡೋಣ.

ಪುಸ್ತಕ ಓದದವರಿಗಾಗಿ ನಾಲ್ಕು ಮಾತು. ಫ್ರಾಂಕ್ ನಾರಿಸ್ ಹುಟ್ಟಿದ್ದು 1870ರಲ್ಲಿ, ಶಿಕಾಗೊದಲ್ಲಿ. ‘ಮೆಕ್‌ಟೀಗ್’ ಬಂದದ್ದು 1899ರಲ್ಲಿ. ಮೂರು ವರ್ಷಕ್ಕೆ ಅವನೇ ತೀರಿಕೊಂಡ, ಮೂವತ್ತೆರಡನೇ ವಯಸ್ಸಿಗೆ. ಕತೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೊದ ಪೋಲ್ಕ್ ಬೀದಿಯಲ್ಲಿ. ಮೆಕ್‌ಟೀಗ್ ಚಿನ್ನದ ಗಣಿಯಲ್ಲಿ ಬೆಳೆದ ಹುಡುಗ. ಗಣಿಗೆ ಬಂದ ಊರೂರು ಅಲೆಯುವ ಹಲ್ಲಿನವನೊಬ್ಬನ ಹಿಂದೆ ಹೋಗಿ ಕೆಲಸ ಕಲಿತ. ದೈತ್ಯ ಆಳು. ಬರೀ ಹೆಬ್ಬೆರಳು, ತೋರುಬೆರಳಲ್ಲೇ ಹಲ್ಲು ಕೀಳಬಲ್ಲ. ಬುದ್ಧಿ ಮಂದ. ಅವನಿಗೆ ಬೇಕಾದ್ದು ಊಟ, ಹೊಗೆ, ನಿದ್ದೆ, ತನ್ನ ಕನ್ಸರ್ಟೀನಾ, ಇಷ್ಟೇ. ಕನ್ಸರ್ಟೀನಾ ಅಂದರೆ ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಚಿಕ್ಕ ವಾದ್ಯ. ಅದರಲ್ಲಿ ಅವನಿಗೆ ಬರೋದು ಆರೇ ರಾಗ, ಆರೂ ಅಳುಮೋರೆಯವು. ಗೆಳೆಯ ಮಾರ್ಕಸ್‌ನ ಸಂಬಂಧಿ ಟ್ರೀನಾ ಮುರಿದ ಹಲ್ಲು ತೋರಿಸಲಿಕ್ಕೆ ಬರುತ್ತಾಳೆ. ಮದುವೆಯಾಗುತ್ತದೆ. ಅಷ್ಟರಲ್ಲಿ ಅವಳಿಗೆ ಲಾಟರಿಯಲ್ಲಿ 5000 ಡಾಲರ್ ಹೊಡೆದಿರುತ್ತದೆ. ಮುಂದಿನದು ನಿಮಗೆ ಗೊತ್ತು.

ಈಗ ನಿಮ್ಮ ಅಜ್ಜಿಯ ಮಾತಿಗೆ ಬರುತ್ತೇನೆ. ನಾರಿಸ್ ಹಾಗೆ ಹೇಳಿದ್ದಾನಾ? ಹೇಳಿದ್ದಾನೆ, ಗಂಟಲು ಹರಿಯುವ ಹಾಗೆ ಹೇಳಿದ್ದಾನೆ. ಹಲ್ಲಿನ ಕೆಲಸಕ್ಕೆ ಅಂತ ಪ್ರಜ್ಞೆ ತಪ್ಪಿಸುವ ಈಥರ್ ಕೊಟ್ಟು ಮಲಗಿಸಿದ ಟ್ರೀನಾಳ ಮುಂದೆ ಮೆಕ್‌ಟೀಗ್ ನಿಂತಾಗ ಲೇಖಕ ಕತೆ ನಿಲ್ಲಿಸಿ ಭಾಷಣಕ್ಕೆ ನಿಲ್ಲುತ್ತಾನೆ. ಇವನೊಳಗೆ ಮೃಗ ಎದ್ದಿತು ಅನ್ನುತ್ತಾನೆ. ಅಪ್ಪ, ಅಜ್ಜ, ಐನೂರು ತಲೆಮಾರಿನ ಪಾಪ ಇವನ ರಕ್ತದಲ್ಲಿ ಕೊಳಚೆ ನೀರಿನಂತೆ ಹರಿಯುತ್ತಿತ್ತು ಅನ್ನುತ್ತಾನೆ. ಅವನೊಬ್ಬನನ್ನೇ ಬಯ್ಯಬೇಡಿ. ಅದು ಆಗಿನ ಕಾಲದ ಗಾಳಿ. ಇಟಲಿಯ ಲೊಂಬ್ರೋಸೊ ಅನ್ನುವ ವೈದ್ಯ, ಅಪರಾಧಿಗಳು ಹುಟ್ಟಿನಿಂದಲೇ ಹಾಗಿರುತ್ತಾರೆ, ದವಡೆ ತಲೆಬುರುಡೆ ನೋಡಿ ಹೇಳಬಹುದು ಅಂತ 1876ರಲ್ಲೇ ಬರೆದಿದ್ದ. ಬರ್ಕ್ಲಿಯಲ್ಲಿ ಓದುವಾಗ ನಾರಿಸ್ ವಿಕಾಸವಾದದ ಪಾಠ ಕೇಳಿದ್ದ. ಫ್ರೆಂಚ್ ಕಾದಂಬರಿಕಾರ ಜೋಲಾ ಅಂದರೆ ಅವನಿಗೆ ಪ್ರಾಣ. ಅದಕ್ಕೇ ಮೆಕ್‌ಟೀಗ್‌ಗೆ ಚೌಕ ತಲೆ, ಮುಂದೆ ಚಾಚಿದ ದವಡೆ. ಕತೆಯ ಬೀಜವೂ ಪತ್ರಿಕೆಯದೇ. 1893ರಲ್ಲಿ ಅದೇ ಊರಿನಲ್ಲಿ ಒಬ್ಬ ಗಂಡ, ಶಿಶುವಿಹಾರದ ನೆಲ ಒರೆಸಿ ಜೀವನ ಮಾಡುತ್ತಿದ್ದ ತನ್ನ ಹೆಂಡತಿಯನ್ನು, ಹಣ ಕೊಡಲಿಲ್ಲ ಅಂತ ಕೊಂದಿದ್ದ. ಅವನು ಹುಟ್ಟಾ ಮೃಗ ಅಂತಲೇ ಪತ್ರಿಕೆಗಳು ಬರೆದವು.

ಈ ರಕ್ತದ ಮಾತು ಬಂದಲ್ಲೆಲ್ಲ ನಾರಿಸ್‌ನ ಬರವಣಿಗೆ ಕೆಡುತ್ತದೆ. ಗುಜರಿ ಅಂಗಡಿಯ ಜೆರ್ಕೋವ್‌ನನ್ನು ನೋಡಿ. ಯಹೂದಿ ಅಂದಮೇಲೆ ಹಣದಾಸೆ ಹುಟ್ಟಿನಿಂದಲೇ ಬಂತು ಅನ್ನುವ ಹಾಗೆ ಚಿತ್ರಿಸಿದ್ದಾನೆ. ಓದಲಿಕ್ಕೆ ಹೇಸಿಗೆ ಆಗುತ್ತದೆ. ಟ್ರೀನಾಳ ಜಿಪುಣತನವೂ ಸ್ವಿಸ್ ರೈತರ ರಕ್ತದ್ದಂತೆ. ಈ ಪುಟಗಳನ್ನು ನಾನು ಸಮರ್ಥಿಸಲ್ಲ. ನಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಅದು ನಮ್ಮ ಲೋಪ.

ಆದರೆ ಸ್ವಾಮಿ, ನಾರಿಸ್‌ನ ಬಾಯಿ ಹೇಳುವುದು ಒಂದು, ಅವನ ಕಣ್ಣು ಕಂಡದ್ದು ಇನ್ನೊಂದು. ನೀವು ಅವನ ಬಾಯಿಯ ಮಾತು ನಂಬಿದಿರಿ. ನಾನು ಕಣ್ಣನ್ನು ನಂಬುತ್ತೇನೆ.

ಒಂದು ಪ್ರಸಂಗ ನೆನಪು ಮಾಡುತ್ತೇನೆ. ಪುಸ್ತಕ ಮತ್ತೆ ತೆಗೆದು ನೋಡಿ, ಹದಿನೈದನೇ ಅಧ್ಯಾಯದಲ್ಲಿದೆ. ಅಷ್ಟರಲ್ಲಿ ಮೆಕ್‌ಟೀಗ್‌ನ ದವಾಖಾನೆ ಮುಚ್ಚಿದೆ. ಕಾಲೇಜಿನ ಸರ್ಟಿಫಿಕೇಟ್ ಇಲ್ಲದೆ ಹಲ್ಲು ಕೀಳಬಾರದು ಅಂತ ಸಿಟಿ ಹಾಲ್‌ನಿಂದ ಕಾಗದ ಬಂದಿದೆ. ಹಲ್ಲಿನ ಉಪಕರಣ ಮಾಡುವಲ್ಲಿ ಒಂದು ಕೆಲಸ ಸಿಕ್ಕಿತ್ತು, ಅದೂ ಹೋಯಿತು. ಮನೆಗೆ ಬಂದವನ ಕೈಯಿಂದ ಟ್ರೀನಾ ಸಂಬಳದ ಹಣ ಪೂರ್ತಿ ಇಸಿದುಕೊಳ್ಳುತ್ತಾಳೆ. ಈಗಲೇ ಹೋಗಿ ಬೇರೆ ಕೆಲಸ ಹುಡುಕು ಅಂತ ಹೊರಗೆ ಕಳಿಸುತ್ತಾಳೆ. ಮಳೆ ಬರುವ ಹಾಗಿದೆ, ಟ್ರಾಮಿಗೆ ಒಂದು ನಿಕಲ್ ಕೊಡು ಅಂತ ಅವನು ಕೇಳುತ್ತಾನೆ. ನಿಕಲ್ ಅಂದರೆ ಐದು ಸೆಂಟು. ಇವಳು ಕೊಡಲ್ಲ. ನಡೆದುಕೊಂಡು ಹೋದರೆ ಮೈಗೆ ಒಳ್ಳೇದು ಅನ್ನುತ್ತಾಳೆ. ಆ ಹೊತ್ತಿಗೆ ಅವಳ ಪೆಟ್ಟಿಗೆಯಲ್ಲಿ ಕೂಡಿಟ್ಟ ಹಣ ಇದೆ. ಲಾಟರಿಯ ಐದು ಸಾವಿರ ಸಂಬಂಧಿಯ ವ್ಯಾಪಾರದಲ್ಲಿ ಬಡ್ಡಿಗೆ ಕೂತು ತಿಂಗಳಿಗೆ 25 ಡಾಲರ್ ತರುತ್ತಿದೆ.

ಅವನು ಹೋಗುತ್ತಾನೆ. ಮಳೆ ಬಂದೇ ಬರುತ್ತದೆ. ಹಿಂದೆ ಬರುವಾಗ ಮೈ ತೊಪ್ಪೆ. ಬೀದಿಯಲ್ಲಿ ಪರಿಚಯದವನೊಬ್ಬ ಸಿಕ್ಕಿ, ಅಯ್ಯೋ ನೆಗಡಿಯಾಗುತ್ತೆ ಬಾ ಅಂತ ಕರೆದೊಯ್ದು ವಿಸ್ಕಿ ಕುಡಿಸುತ್ತಾನೆ. ಮೆಕ್‌ಟೀಗ್ ಅಲ್ಲಿಯತನಕ ಬಿಯರ್ ಗಿರಾಕಿ. ವಿಸ್ಕಿ ಮುಟ್ಟಿದವನಲ್ಲ ಅಂತಲೇ ಹೇಳಬಹುದು. ಆ ರಾತ್ರಿ ಮನೆಗೆ ಬಂದವನು ಬೇರೆಯೇ ಮನುಷ್ಯ. ತಲೆ ತಿರುಗಲ್ಲ, ನಾಲಗೆ ತೊದಲಲ್ಲ, ಬರೀ ಕ್ರೂರವಾಗುತ್ತಾನೆ. ಮುಂದೆ ಟ್ರೀನಾಳ ಬೆರಳು ಕಚ್ಚಿ ಹಣ ಕೀಳುವ ಚಟ ಶುರುವಾಗುವುದು ಈ ದಾರಿಯಲ್ಲೇ.

ನಾರಿಸ್‌ನನ್ನು ಕೇಳಿದರೆ, ಅಪ್ಪ ಕುಡುಕ, ಮಗನಲ್ಲೂ ಆ ಗುಣ ಮಲಗಿತ್ತು, ಎದ್ದಿತು ಅನ್ನುತ್ತಾನೆ. ಸರಿ, ಇರಬಹುದು. ಆದರೆ ಎಬ್ಬಿಸಿದ್ದು ಯಾವುದು? ಐನೂರು ತಲೆಮಾರಾ, ಐದು ಸೆಂಟಾ? ಟ್ರಾಮಿನ ಚಿಲ್ಲರೆ ಇದ್ದಿದ್ದರೆ ಅವನು ನೆನೆಯುತ್ತಿರಲಿಲ್ಲ. ನೆನೆಯದಿದ್ದರೆ ಯಾರೂ ವಿಸ್ಕಿ ಕುಡಿಸುತ್ತಿರಲಿಲ್ಲ. ಲೇಖಕ ತನ್ನ ಸಿದ್ಧಾಂತ ಒಂದು ವಾಕ್ಯದಲ್ಲಿ ಹೇಳಿ, ಮಳೆಯನ್ನು ಪುಟಗಟ್ಟಲೆ ಬರೆದಿದ್ದಾನೆ. ಯಾವುದರ ಮೇಲೆ ಅವನಿಗೆ ನಂಬಿಕೆ ಜಾಸ್ತಿ ಇತ್ತು ಅಂತ ನೀವೇ ಹೇಳಿ.

ಇನ್ನೊಂದು ಸಣ್ಣ ಸಾಕ್ಷಿ. ಈ ಪುಸ್ತಕದಲ್ಲಿ ಮೊದಲು ಕಚ್ಚುವವನು ಮೆಕ್‌ಟೀಗ್ ಅಲ್ಲ, ಮಾರ್ಕಸ್. ಪಾರ್ಕಿನಲ್ಲಿ ಎಲ್ಲರೂ ಸೇರಿ ತಮಾಷೆಗೆ ಕುಸ್ತಿ ಆಡುತ್ತಾರೆ. ಸೋತ ಮಾರ್ಕಸ್ ಸಿಟ್ಟಿಗೆ ಮೆಕ್‌ಟೀಗ್‌ನ ಕಿವಿ ಕಚ್ಚಿ ಹರಿಯುತ್ತಾನೆ. ಆಗ ಇವನು ಅವನ ತೋಳು ಮುರಿಯುತ್ತಾನೆ. ಮಾರ್ಕಸ್‌ನ ಅಪ್ಪ ಅಜ್ಜ ಹೇಗಿದ್ದರು? ನಾರಿಸ್‌ಗೆ ಅದರ ನೆನಪೇ ಆಗಲ್ಲ. ಮಾತು ಬಲ್ಲವನ ಕಚ್ಚುವಿಕೆಗೆ ವಂಶಾವಳಿ ಬೇಡ, ಹೆಡ್ಡನದಕ್ಕೆ ಬೇಕು. ತಾನೇ ಬಿಟ್ಟುಕೊಟ್ಟ ಹುಡುಗಿಯ ಜೊತೆ ಐದು ಸಾವಿರವೂ ಹೋಯಿತಲ್ಲ ಅಂತ ಹೊಟ್ಟೆ ಉರಿದುಕೊಂಡವನು ಅವನೇ. ಸರ್ಟಿಫಿಕೇಟಿನ ವಿಷಯವನ್ನು ಸಿಟಿ ಹಾಲ್‌ಗೆ ಮುಟ್ಟಿಸಿದವನೂ ಅವನೇ.

ಸರ್ಟಿಫಿಕೇಟ್ ಅಂದಾಗ ಒಂದು ನೆನಪು. ನಮ್ಮೂರ ಸಂತೆಯಲ್ಲಿ ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಕಿತ್ತ ಹಲ್ಲುಗಳನ್ನು ಗುಡ್ಡೆ ಹಾಕಿಕೊಂಡು ಒಬ್ಬ ಕೂರುತ್ತಿದ್ದ. ಆ ಗುಡ್ಡೆಯೇ ಅವನ ಸರ್ಟಿಫಿಕೇಟು. ನನ್ನ ಅಜ್ಜನ ದವಡೆ ಹಲ್ಲು ಕಿತ್ತವನು ಅವನೇ. ಅಜ್ಜ ಬಾಯಿಗೆ ಉಪ್ಪುನೀರು ಹಾಕಿ ಮುಕ್ಕಳಿಸಿ, ಎದ್ದು ಮೆಣಸಿನಕಾಯಿ ವ್ಯಾಪಾರಕ್ಕೆ ಹೋದರು. ನಮ್ಮಲ್ಲಿ ದಂತವೈದ್ಯರ ಕಾಯ್ದೆ ಬಂದದ್ದು 1948ರಲ್ಲಿ. ಸಂತೆಯವನು ಅದಾಗಿ ಎಷ್ಟೋ ವರ್ಷ ಆಮೇಲೂ ಇದ್ದ. ಕಾನೂನು ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಹಲ್ಲನ್ನು ನಾನಂತೂ ಓದಿದವರ ಕೈಗೇ ಕೊಡುತ್ತೇನೆ. ಆದರೆ ಹನ್ನೆರಡು ವರ್ಷ ಒಂದೇ ಬೀದಿಯಲ್ಲಿ ಹಲ್ಲು ಕಿತ್ತವನಿಗೆ ಇನ್ನು ಕೀಳಬೇಡ ಅಂದರೆ ಆ ಕೈಗಳು ಏನು ಮಾಡಬೇಕು? ಮೆಕ್‌ಟೀಗ್‌ಗೆ ಆ ಕಾಗದ ಅರ್ಥವೇ ಆಗಲ್ಲ. ನಾನು ಡೆಂಟಿಸ್ಟ್ ಅಲ್ವಾ, ಹನ್ನೆರಡು ವರ್ಷದಿಂದ ಇದೇ ಮಾಡ್ತಿದ್ದೀನಲ್ಲ ಅಂತ ಅದನ್ನೇ ಅದನ್ನೇ ಹೇಳುತ್ತಾನೆ.

ಅವನಿಗೆ ಬಹಳ ದಿನದಿಂದ ಒಂದು ಆಸೆ ಇತ್ತು. ಕಿಟಕಿಯ ಹೊರಗೆ ಬಂಗಾರದ ಬಣ್ಣದ ದೊಡ್ಡ ದವಡೆ ಹಲ್ಲನ್ನು ಬೋರ್ಡಾಗಿ ನೇತುಹಾಕಬೇಕು ಅಂತ. ಅದನ್ನು ಹುಟ್ಟುಹಬ್ಬಕ್ಕೆ ತರಿಸಿಕೊಟ್ಟವಳು ಟ್ರೀನಾ. ಆಮೇಲೆ ಅವರು ಚಿಕ್ಕ ಕೋಣೆಗೆ ಇಳಿದಾಗ ಆ ಹಲ್ಲು ಮೂಲೆ ಸೇರಿ, ಎಂಜಲು ತಟ್ಟೆ ಇಡುವ ಮೇಜಾಗುತ್ತದೆ. ಕೊನೆಗೆ ಎದುರಾಳಿ ಡೆಂಟಿಸ್ಟ್‌ಗೆ ಐದು ಡಾಲರಿಗೆ ಹೋಗುತ್ತದೆ. ಐದು ಸಾವಿರ, ಐದು ಡಾಲರ್, ಐದು ಸೆಂಟು. ನಾರಿಸ್ ಬೇಕು ಅಂತಲೇ ಇಟ್ಟನೋ, ಸುಮ್ನೆ ಬಂತೋ, ಆದರೆ ಓದುವಾಗ ನನಗೆ ಲೆಕ್ಕ ಹಾಕದೆ ಇರಲಾಗಲಿಲ್ಲ.

ಈಥರ್ ಪ್ರಸಂಗಕ್ಕೆ ಇನ್ನೊಮ್ಮೆ ಹೋಗೋಣ. ಪ್ರಜ್ಞೆ ಇಲ್ಲದ ಹೆಣ್ಣಿಗೆ ಅವನು ಮುತ್ತಿಡುತ್ತಾನೆ. ತಪ್ಪು, ಎರಡು ಮಾತಿಲ್ಲ. ಆದರೆ ಅಲ್ಲಿ ಏನಾಗುತ್ತದೆ ನೋಡಿ. ಐನೂರು ತಲೆಮಾರಿನ ಮೃಗ ಒಂದು ಮುತ್ತಿಗೆ ನಿಂತುಬಿಡುತ್ತದೆ! ತನ್ನ ಬಗ್ಗೆಯೇ ಹೆದರಿದ ಮೆಕ್‌ಟೀಗ್ ತಲೆ ತಗ್ಗಿಸಿ ಮತ್ತೆ ಹಲ್ಲಿನ ಕೆಲಸಕ್ಕೆ ಬೀಳುತ್ತಾನೆ. ಅವಳು ಕಣ್ಣುಬಿಟ್ಟ ಕೂಡಲೇ ಮುಂದೆ ನಿಂತು ಮದುವೆಯಾಗ್ತೀಯಾ ಅಂತ ಕೇಳುತ್ತಾನೆ. ಅವಳು ಬೇಡ ಬೇಡ ಅನ್ನುತ್ತಾ ಈಥರ್‌ನ ಹೊಟ್ಟೆತೊಳಸಿಗೆ ವಾಂತಿ ಮಾಡಿಕೊಳ್ಳುತ್ತಾಳೆ. ಪ್ರೇಮ ನಿವೇದನೆಗೆ ಇಂಥ ಉತ್ತರ ನಾನು ಬೇರೆಲ್ಲೂ ಓದಿಲ್ಲ. ಆ ನಿಂತದ್ದಿದೆಯಲ್ಲ, ಅದನ್ನು ನಿಲ್ಲಿಸಿದ್ದು ಯಾವ ರಕ್ತ? ನಿಮ್ಮ ಅಜ್ಜಿಯ ಮಾತಿನಲ್ಲಿ ಇದಕ್ಕೆ ಜಾಗ ಇಲ್ಲ. ನಾರಿಸ್‌ನ ಭಾಷಣದಲ್ಲೂ ಇಲ್ಲ. ಆದರೆ ಅವನ ಕತೆಯಲ್ಲಿದೆ.

ಟ್ರೀನಾಳ ಬಗ್ಗೆ ನೀವು ಬರೆಯಲೇ ಇಲ್ಲ. ನನಗೆ ಅವಳೇ ಹೆಚ್ಚು ಕಾಡುತ್ತಾಳೆ. ಮಕ್ಕಳ ಆಟಿಕೆಗೆ ಚಿಕ್ಕ ಚಿಕ್ಕ ಮರದ ಪ್ರಾಣಿಗಳನ್ನು ಕೆತ್ತಿ ಬಣ್ಣ ಬಳಿದು ಕಾಸು ಕೂಡಿಡುತ್ತಾಳೆ. ಗಂಡ ಕಚ್ಚಿದ ಬೆರಳಿನ ಗಾಯಕ್ಕೆ ಆ ಬಣ್ಣ ತಾಗಿ ನಂಜೇರುತ್ತದೆ. ಬೆರಳುಗಳನ್ನೇ ಕತ್ತರಿಸಬೇಕಾಗುತ್ತದೆ. ಆಮೇಲೆ ಕೆತ್ತುವ ಹಾಗಿಲ್ಲ, ಒಂದು ಶಿಶುವಿಹಾರದ ನೆಲ ಒರೆಸುವ ಕೆಲಸಕ್ಕೆ ಇಳಿಯುತ್ತಾಳೆ. ಅಸಲನ್ನೆಲ್ಲ ಚಿನ್ನದ ನಾಣ್ಯದಲ್ಲಿ ತರಿಸಿಕೊಂಡು, ರಾತ್ರಿ ಹಾಸಿಗೆ ಮೇಲೆ ಹರಡಿ, ಬಟ್ಟೆ ಕಳಚಿ ಅದರ ಮೇಲೆ ಮಲಗುತ್ತಾಳೆ. ಇದನ್ನು ರೈತ ರಕ್ತ ಅಂತ ಒಂದು ಪದದಲ್ಲಿ ಮುಗಿಸಲಿಕ್ಕಾಗುತ್ತಾ? ಅವಳಿಗೆ ಕೈಬೆರಳಿಲ್ಲ, ಗಂಡ ಬಿಟ್ಟುಹೋಗಿದ್ದಾನೆ, ಮುಟ್ಟಿದರೆ ತಣ್ಣಗೆ ತಗಲುವುದು ಆ ನಾಣ್ಯ ಒಂದೇ. ಆ ಪುಟ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತಿದ್ದೆ.

ಇಷ್ಟು ಹೇಳಿದಮೇಲೆ, ಹಾಗಾದರೆ ಎಲ್ಲ ಬಡತನದ ತಪ್ಪು ಅಂತಿದ್ದೀರಾ ಅಂತ ನೀವು ಕೇಳಬಹುದು. ಇಲ್ಲ. ಅಲ್ಲಿ ನನ್ನ ಐದು ಸೆಂಟಿನ ವಾದವೂ ಕೈಕೊಡುತ್ತದೆ. ಹಸಿದ ಮೆಕ್‌ಟೀಗ್ ಒಂದು ರಾತ್ರಿ ಅವಳ ಕಿಟಕಿಯ ಕೆಳಗೆ ನಿಂತು ಅನ್ನ ಬೇಡುತ್ತಾನೆ. ನಾಯಿಯನ್ನಾದರೂ ನಾನು ಹಸಿದಿರಲು ಬಿಡಲ್ಲ ಅನ್ನುತ್ತಾನೆ. ಆ ನಾಯಿ ಕಚ್ಚಿದ್ದರೂನಾ ಅಂತ ಅವಳು ಕೇಳುತ್ತಾಳೆ. ಅವಳ ಪ್ರಶ್ನೆ ನ್ಯಾಯವಾದದ್ದೇ. ಆ ರಾತ್ರಿ ಅವನು ಕೊಂದಿದ್ದರೆ ಹಸಿವು ಅನ್ನಬಹುದಿತ್ತು. ಕೊಲ್ಲಲಿಲ್ಲ. ಆಮೇಲೆ ಅವನಿಗೆ ವಾದ್ಯಗಳ ಅಂಗಡಿಯಲ್ಲಿ ಪಿಯಾನೊ ಹೊರುವ ಕೆಲಸ ಸಿಗುತ್ತದೆ. ಹೊಟ್ಟೆಗೆ ಬೀಳುತ್ತಿರುತ್ತದೆ. ಒಂದು ದಿನ ಆ ಅಂಗಡಿಯಲ್ಲೇ ತನ್ನ ಹಳೇ ಕನ್ಸರ್ಟೀನಾ ಮಾರಾಟಕ್ಕೆ ಇರುವುದನ್ನು ಕಾಣುತ್ತಾನೆ. ಮಾರಿದವಳು ಟ್ರೀನಾ. ಅವತ್ತು ರಾತ್ರಿ ಶಿಶುವಿಹಾರಕ್ಕೆ ಹೋಗಿ ಅವಳನ್ನು ಬಡಿದು ಸಾಯಿಸುತ್ತಾನೆ. ಆಮೇಲೆ ಅವಳ ಪೆಟ್ಟಿಗೆಯಿಂದ ಚಿನ್ನ ಎತ್ತಿಕೊಳ್ಳುತ್ತಾನೆ. ಅಲ್ಲಿ ರಕ್ತವೂ ಇಲ್ಲ, ಹಸಿವೂ ಇಲ್ಲ. ಆರು ರಾಗ ಬರುತ್ತಿದ್ದ ಒಂದು ಪೆಟ್ಟಿಗೆ ಇದೆ, ಅದಕ್ಕಾಗಿ ಒಂದು ಹೆಣ್ಣಿನ ಜೀವ ತೆಗೆದ ಗಂಡಸು ಇದ್ದಾನೆ. ತಪ್ಪು ಯಾರದು ಅಂತ ಕೇಳಿದಿರಿ. ಅವನದೇ. ಅದನ್ನು ಹೇಳಲಿಕ್ಕೆ ನನಗೆ ಸಂಕೋಚ ಇಲ್ಲ. ತಪ್ಪು ಅವನದು ಅಂದ ಮಾತ್ರಕ್ಕೆ ಅವನು ಪೂರ್ತಿ ಅರ್ಥವಾದ ಅಂತ ಮಾತ್ರ ನನಗೆ ಅನ್ನಿಸಲಿಲ್ಲ.

ಕೊಲೆಯಾದ ಮೇಲೆ ಅವನು ಓಡುವುದು ಎಲ್ಲಿಗೆ? ಹುಟ್ಟಿ ಬೆಳೆದ ಗಣಿಗೇ. ಹಟ್ಟಿಗೆ ಮರಳುವ ದನದ ಹಾಗೆ, ಯೋಚನೆಯೇ ಇಲ್ಲದೆ. ಅಲ್ಲಿ ಬಂಡೆ ಕೊರೆಯುವ ಕೆಲಸ ಅವನಿಗೆ ಹಿತವಾಗುತ್ತದೆ. ಹಲ್ಲು ಕೊರೆಯುವುದೂ ಇದೇ, ಇದು ಸ್ವಲ್ಪ ದೊಡ್ಡ ಬಾಯಿ, ಅಷ್ಟೇ. ಆಗ ಒಂದು ರಾತ್ರಿ ಅವನಿಗೆ ಏನೋ ಬೆನ್ನಟ್ಟಿ ಬರುತ್ತಿದೆ ಅನ್ನಿಸುತ್ತದೆ. ಶಬ್ದ ಇಲ್ಲ, ವಾಸನೆ ಇಲ್ಲ. ಎದ್ದು ಹೋಗಿಬಿಡುತ್ತಾನೆ. ಎರಡು ದಿನಕ್ಕೆ ಪೊಲೀಸರು ಬರುತ್ತಾರೆ. ಪುಸ್ತಕದಲ್ಲಿ ನಿಜವಾಗಿ ಸಹಜ ಪ್ರವೃತ್ತಿ ಅನ್ನಬಹುದಾದ್ದು ಇದೊಂದೇ. ಅದು ಕೆಟ್ಟದ್ದೂ ಅಲ್ಲ, ಒಳ್ಳೇದೂ ಅಲ್ಲ. ಅವನನ್ನು ಎರಡು ಸಲ ಉಳಿಸುತ್ತದೆ. ಎರಡನೇ ಸಲ ಉಳಿಸಿ ನೇರ ಡೆತ್ ವ್ಯಾಲಿ ಅನ್ನುವ ಮರುಭೂಮಿಯ ಉರಿಬಿಸಿಲಿಗೆ ತಂದು ಬಿಡುತ್ತದೆ.

ಅಲ್ಲಿ ಮಾರ್ಕಸ್ ಅವನನ್ನು ಹಿಡಿಯುತ್ತಾನೆ. ಕುಡಿಯುವ ನೀರಿನ ಡಬ್ಬ ಹೊತ್ತ ಹೇಸರಗತ್ತೆಗೆ ಗುಂಡು ಹೊಡೆದಾಗ ಡಬ್ಬವೂ ಒಡೆಯುತ್ತದೆ. ಕುಡಿಯಲಿಕ್ಕೆ ಹನಿ ಇಲ್ಲ. ಆದರೂ ಆ ಐದು ಸಾವಿರ ಯಾರದು ಅಂತ ಇಬ್ಬರೂ ಹೊಡೆದಾಡುತ್ತಾರೆ. ಸಾಯುವ ಮೊದಲು ಮಾರ್ಕಸ್ ತನ್ನ ಕೈಗೂ ಇವನ ಕೈಗೂ ಬೇಡಿ ಹಾಕಿರುತ್ತಾನೆ. ಕೊನೆ ತೀರಾ ನಾಟಕ ಅನ್ನುವವರಿದ್ದಾರೆ. ಇರಲಿ. ಪೋಲ್ಕ್ ಬೀದಿಯ ಪುಟಗಳ ಮುಂದೆ ಇದು ಸ್ವಲ್ಪ ಜೋರಾಯಿತು ಅಂತ ನನಗೂ ಅನ್ನಿಸಿದೆ. ಅಂದಹಾಗೆ, ಇಷ್ಟೆಲ್ಲ ರಕ್ತಪಾತ ಇದ್ದ ಪುಸ್ತಕದಲ್ಲಿ ಆಗಿನವರಿಗೆ ತಡೆಯಲಾಗದೇ ಹೋದದ್ದು, ನಾಟಕ ನೋಡಲು ಹೋದಾಗ ಟ್ರೀನಾಳ ಪುಟ್ಟ ತಮ್ಮ ಚಡ್ಡಿ ಒದ್ದೆ ಮಾಡಿಕೊಳ್ಳುವ ಸನ್ನಿವೇಶ! ಎರಡನೇ ಮುದ್ರಣದಲ್ಲಿ ಅದನ್ನು ತೆಗೆದು, ಮೆಕ್‌ಟೀಗ್ ತನ್ನ ಟೋಪಿ ಹುಡುಕುವ ಹಾಗೆ ಬದಲಾಯಿಸಿದರು.

ಈಗ ಹಕ್ಕಿ. ನೀವು ಸರಿ, ನಾವು ತಪ್ಪು. ನಮ್ಮ ಲೇಖಕರಿಗೆ ಫೋನ್ ಮಾಡಿ ಕೇಳಿದೆ. ಅವರು ಪುಸ್ತಕದ ಜೊತೆಗೆ ಸಿನಿಮಾವನ್ನೂ ನೋಡಿದ್ದರಂತೆ. 1924ರ ‘ಗ್ರೀಡ್’, ಎರಿಕ್ ಫಾನ್ ಸ್ಟ್ರೋಹೈಮ್ ಮಾಡಿದ ಮೂಕಿ ಚಿತ್ರ. ಬೇಸಿಗೆಯಲ್ಲಿ ನಟರನ್ನು ನಿಜವಾದ ಡೆತ್ ವ್ಯಾಲಿಗೇ ಕರೆದುಕೊಂಡು ಹೋಗಿ ತೆಗೆದದ್ದು. ಗಂಟೆಗಟ್ಟಲೆ ಉದ್ದವಿದ್ದ ಚಿತ್ರವನ್ನು ಕಂಪನಿಯವರು ಕತ್ತರಿಸಿ ಹತ್ತು ರೀಲಿಗೆ ತಂದರು. ಆ ಚಿತ್ರದ ಕೊನೆಯಲ್ಲಿ ಅವನು ಹಕ್ಕಿಯನ್ನು ಪಂಜರದಿಂದ ತೆಗೆದು ಹಾರಿಬಿಡುತ್ತಾನೆ. ಅದು ಹಾರಲಾರದೆ ಬೀಳುತ್ತದೆ. ನಮ್ಮವರ ನೆನಪಿನಲ್ಲಿ ಎರಡೂ ಕಲಸಿಹೋಗಿವೆ. ಅಚ್ಚಿಗೆ ಕಳಿಸುವ ಮೊದಲು ಪುಸ್ತಕ ತೆಗೆದು ನೋಡಬೇಕಾದವನು ನಾನು. ನೋಡಲಿಲ್ಲ.

ಪುಸ್ತಕದಲ್ಲಿ ಅವನು ಹಕ್ಕಿಯನ್ನು ಬಿಡುವುದೇ ಇಲ್ಲ. ಮನೆಯ ಸಾಮಾನೆಲ್ಲ ಹರಾಜಾದಾಗಲೂ ಅದನ್ನು ಮಾರಲು ಒಪ್ಪಿರಲಿಲ್ಲ. ಕೊಲೆ ಮಾಡಿ ಓಡುವಾಗಲೂ ಪಂಜರ ಕೈಯಲ್ಲಿದೆ. ಪಂಜರ ಹಿಡಿದ ದೈತ್ಯನನ್ನು ಗುರುತು ಹಚ್ಚುವುದು ಪೊಲೀಸರಿಗೆ ಎಷ್ಟು ಸುಲಭ ಅಲ್ವಾ? ಆ ಬುದ್ಧಿ ಅವನಿಗಿಲ್ಲ. ಮರುಭೂಮಿಯಲ್ಲಿ ಪಂಜರಕ್ಕೆ ಹಿಟ್ಟಿನ ಚೀಲ ಸುತ್ತಿದ್ದಾನೆ. ತಾನು ಕುಡಿಯಬೇಕಾದ ನೀರಿನಲ್ಲೇ ಆ ಚೀಲ ಒದ್ದೆ ಮಾಡುತ್ತಾ ನಡೆಯುತ್ತಾನೆ. ಹೆಂಡತಿಯನ್ನು ಕೊಂದ ಕೈ ಅದು. ನಾರಿಸ್ ಇದಕ್ಕೆ ಯಾವ ತಲೆಮಾರಿನ ವಿವರಣೆಯನ್ನೂ ಕೊಡಲ್ಲ. ಕೊನೆಯ ಸಾಲಿನಲ್ಲಿ ಮೆಕ್‌ಟೀಗ್ ಹೆಣಕ್ಕೆ ಬೇಡಿಯಲ್ಲಿ ಸಿಕ್ಕಿಕೊಂಡು ಸುಮ್ನೆ ಸುತ್ತ ನೋಡುತ್ತಿರುತ್ತಾನೆ. ಹಕ್ಕಿ ಬಂಗಾರದ ಬಣ್ಣದ ಪಂಜರದಲ್ಲಿ ಅರೆಜೀವವಾಗಿ ಚಿಲಿಪಿಲಿ ಅನ್ನುತ್ತಿರುತ್ತದೆ. ಸತ್ತಿಲ್ಲ. ತಿದ್ದುಪಡಿಯನ್ನು ಇದೇ ಸಂಚಿಕೆಯ ಎರಡನೇ ಪುಟದಲ್ಲಿ ಹಾಕಿದ್ದೇವೆ.

- ಸಂಪಾದಕ